ಡಿ ಡ್ರೈವ್‌ನಲ್ಲಿ ಇಟ್ಟರೆ ಬ್ಯಾಕಪ್ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ನಮಸ್ಕಾರ. ವಿಂಡೋಸ್ 10ಕ್ಕೆ ಇದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳ ಕಂಪ್ಯೂಟರ್ ಅಂಗಡಿಗೆ ಹೋಗುತ್ತಿದೆ. ಕೆಲವರು ಹೊಸದು ತರುತ್ತಾರೆ, ಕೆಲವರು ಹಳೆಯದನ್ನೇ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 11 ಹಾಕಿಸುತ್ತಾರೆ. ಅಂಗಡಿಯ ಹುಡುಗ ಕೇಳುತ್ತಾನೆ, "ಡೇಟಾ ಬ್ಯಾಕಪ್ ಇದೆಯಾ ಸಾರ್?" ಇವರು ಹೇಳುತ್ತಾರೆ, "ಎಲ್ಲಾ ಡಿ ಡ್ರೈವ್‌ನಲ್ಲಿದೆ, ಸೇಫಾಗಿದೆ." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ನಮ್ಮ ಅಪ್ಪನೂ ಹದಿನೈದು ವರ್ಷ ಇದನ್ನೇ ಹೇಳುತ್ತಿದ್ದರು.

ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಸಾಗರದ ಹತ್ತಿರ ನಮ್ಮೂರು. ಮನೆಗೆ ಕಂಪ್ಯೂಟರ್ ಬಂದಿದ್ದು 2006ರಲ್ಲಿ. ಅವತ್ತಿನಿಂದ ಅಪ್ಪ ಒಂದು ಕೆಲಸ ಹಿಡಿದರು. ಅಜ್ಜಿ, ದೊಡ್ಡಮ್ಮ, ಅಕ್ಕಪಕ್ಕದ ಮನೆಯ ಹೆಂಗಸರು ಮದುವೆ ಮುಂಜಿಯಲ್ಲಿ ಹೇಳುತ್ತಿದ್ದ ಹಾಡುಗಳನ್ನು ಅವರ ಎದುರೇ ಕೂತು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಇಡುವುದು. ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವ ಹಾಡು, ಹೆಣ್ಣು ಒಪ್ಪಿಸಿಕೊಡುವ ಹಾಡು, ತೊಟ್ಟಿಲ ಹಾಡು, ಎಲ್ಲಾ ಸೇರಿ ನಾನೂರಕ್ಕೂ ಜಾಸ್ತಿ. ಫೈಲಿನ ಹೆಸರಿನಲ್ಲೇ ಹಾಡಿನ ಮೊದಲ ಸಾಲು, ಹೇಳಿದವರ ಹೆಸರು, ಅವರ ಊರು. ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಆ ಫೋಲ್ಡರ್ ಕಾಪಿ ಮಾಡಿ ಡಿ ಡ್ರೈವ್‌ಗೆ ಹಾಕುತ್ತಿದ್ದರು. ಒಂದು ವಾರವೂ ತಪ್ಪಿಸಿದವರಲ್ಲ.

2021ರ ಮಳೆಗಾಲದಲ್ಲಿ ಒಂದು ದಿನ ಕಂಪ್ಯೂಟರ್ ಒಳಗಿಂದ ಟಕ್ ಟಕ್ ಅಂತ ಸದ್ದು ಬಂತು, ಪರದೆ ಕಪ್ಪಾಯಿತು, ಮತ್ತೆ ಶುರುವಾಗಲೇ ಇಲ್ಲ. ರಿಪೇರಿಗೆ ಬಂದ ಹುಡುಗ ಡಬ್ಬ ಬಿಚ್ಚಿ, ಅಂಗೈಯಗಲದ ಹಾರ್ಡ್ ಡಿಸ್ಕ್ ತೆಗೆದು ಅಪ್ಪನ ಕೈಯಲ್ಲೇ ಇಟ್ಟ. "ಸಿ, ಡಿ, ಇ ಎಲ್ಲಾ ಇದೇ ಒಂದರ ಒಳಗೆ ಸಾರ್. ಒಂದೇ ಮನೆಗೆ ಗೋಡೆ ಹಾಕಿ ಮೂರು ಕೋಣೆ ಮಾಡಿದ ಹಾಗೆ. ಮನೆಯೇ ಬಿದ್ದರೆ ಮೂರೂ ಹೋಯಿತು." ಅಪ್ಪ ಅದನ್ನು ಹಿಡಿದುಕೊಂಡೇ ತುಂಬಾ ಹೊತ್ತು ಕೂತಿದ್ದರು. ಹದಿನೈದು ವರ್ಷ ಯಾರೂ ಅವರಿಗೆ ಈ ಒಂದು ಮಾತು ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಡೇಟಾ ತೆಗೆದುಕೊಡುವವರಿಗೆ ಡಿಸ್ಕ್ ಕೊಟ್ಟೆವು. ಇಪ್ಪತ್ತೆರಡು ಸಾವಿರ ಆಯಿತು, ಒಂದೂವರೆ ತಿಂಗಳು ಹಿಡಿಯಿತು. ಫೈಲುಗಳು ಬಂದವು, ಆದರೆ ಹೆಸರು ಹೋಗಿ ಬರೀ ನಂಬರ್ ಉಳಿದಿತ್ತು. ನೂರ ಎಂಬತ್ತರಷ್ಟು ಹಾಡು ಬರಲೇ ಇಲ್ಲ. ಹಳೆ ನೋಟ್ ಪುಸ್ತಕಗಳಲ್ಲಿ ಕೆಲವು ಗೆದ್ದಲು ಹಿಡಿದು ಹೋಗಿದ್ದವು. ಆ ಹಾಡು ಹೇಳಿದವರಲ್ಲಿ ಈಗ ಬದುಕಿರುವವರು ಇಬ್ಬರು.

ಆಮೇಲೆ ನಾನು ಈ ಬ್ಯಾಕಪ್ ವಿಷಯದ ಹಿಂದೆ ಬಿದ್ದೆ. ಕಂಪ್ಯೂಟರ್ ನನ್ನ ಕಸುಬಲ್ಲ. ಆದರೂ ನಾಲ್ಕು ವರ್ಷ ಬೇರೆಬೇರೆ ಸಾಫ್ಟ್‌ವೇರ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ ಕಲಿತದ್ದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು. ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ಬ್ಯಾಕಪ್ ಸಾಫ್ಟ್‌ವೇರ್ ಆರಿಸುವಾಗ ನಾವೆಲ್ಲ ಕೇಳುವುದು ಏನು? ಫ್ರೀನಾ, ಎಷ್ಟು ಬೇಗ ಕಾಪಿ ಮಾಡುತ್ತದೆ, ತಾನೇ ನಡೆಯುತ್ತದಾ. ನಾನೂ ಮೊದಲು ಹಾಗೇ ಕೇಳಿ ಒಂದು ಸಾಫ್ಟ್‌ವೇರ್ ಹಾಕಿದೆ. ನೋಡಲು ಚೆನ್ನಾಗಿತ್ತು, ದಿನಾ ರಾತ್ರಿ ತಾನೇ ಓಡುತ್ತಿತ್ತು, ಹಸಿರು ಟಿಕ್ ತೋರಿಸುತ್ತಿತ್ತು. ಒಂದು ವರ್ಷ ಆದಮೇಲೆ ಅಮ್ಮನ ಒಂದು ಫೈಲ್ ಬೇಕಾಯಿತು. ಡಿಸ್ಕ್ ತೆರೆದರೆ ಅಲ್ಲಿ ಹಾಡೂ ಇಲ್ಲ, ಫೋಟೋನೂ ಇಲ್ಲ. ಆ ಸಾಫ್ಟ್‌ವೇರ್‌ಗೆ ಮಾತ್ರ ಅರ್ಥ ಆಗುವ ಒಂದೇ ಒಂದು ದೊಡ್ಡ ಫೈಲ್ ಇತ್ತು. ಬೇರೆ ಕಂಪ್ಯೂಟರ್‌ಗೆ ಅದನ್ನೇ ಹಾಕಿ ತೆಗೆಯಲು ಹೋದರೆ, ಈ ಸೌಲಭ್ಯಕ್ಕೆ ದುಡ್ಡು ಕಟ್ಟಿ ಅಂತ ಕೇಳಿತು. ಇಡುವುದು ಪುಕ್ಕಟೆ, ತೆಗೆಯುವುದಕ್ಕೆ ಕಾಸು. ಅದರ ಹೆಸರು ಹೇಳುವುದಿಲ್ಲ, ಇಂಥವು ಇನ್ನೂ ಇರಬಹುದು.

ಅವತ್ತೇ ತೀರ್ಮಾನ ಮಾಡಿದೆ. ಮನೆಯ ಮಟ್ಟಿಗೆ ಬ್ಯಾಕಪ್ ಅಂದರೆ, ಆ ಸಾಫ್ಟ್‌ವೇರ್ ಇಲ್ಲದೆಯೂ ಫೈಲ್ ತೆರೆಯಲು ಬರಬೇಕು. ಡಿಸ್ಕ್ ತಂದು ಯಾವ ಕಂಪ್ಯೂಟರ್‌ಗೆ ಚುಚ್ಚಿದರೂ ಫೋಲ್ಡರ್ ಫೋಲ್ಡರ್ ಆಗಿಯೇ ಕಾಣಬೇಕು, ಫೋಟೋ ಫೋಟೋ ಆಗಿಯೇ ಕಾಣಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮದುವೆ ಫೋಟೋ ನಮಗೆ ಐವತ್ತು ವರ್ಷ ಬೇಕು, ಸಾಫ್ಟ್‌ವೇರ್ ಅಷ್ಟು ದಿನ ಇರುತ್ತದೆ ಅಂತ ಯಾವ ಭರವಸೆ? ಮ್ಯಾಕ್ರಿಯಮ್ ರಿಫ್ಲೆಕ್ಟ್ ಅನ್ನೋದು ಒಳ್ಳೆಯ ಸಾಫ್ಟ್‌ವೇರ್, ಬೇಕಾದಷ್ಟು ಜನ ಅದರ ಫ್ರೀ ಆವೃತ್ತಿ ಬಳಸುತ್ತಿದ್ದರು. 2024ರ ಜನವರಿ 1ಕ್ಕೆ ಆ ಫ್ರೀ ಆವೃತ್ತಿಯ ಬೆಂಬಲ ಮುಗಿಯಿತು. ಕ್ರ್ಯಾಶ್‌ಪ್ಲಾನ್ ಅಂತ ಮನೆಬಳಕೆಯ ಆನ್‌ಲೈನ್ ಬ್ಯಾಕಪ್ ಇತ್ತು, 2018ರಲ್ಲಿ ಅದರ ಮನೆಬಳಕೆಯ ಯೋಜನೆಯನ್ನೇ ನಿಲ್ಲಿಸಿದರು. ಅವರ ವ್ಯಾಪಾರ, ಅವರ ನಿರ್ಧಾರ, ತಪ್ಪು ಅನ್ನುವುದಿಲ್ಲ. ನಮ್ಮ ಹಾಡು, ಫೋಟೋ ಆ ನಿರ್ಧಾರಕ್ಕೆ ಸಿಕ್ಕಿಕೊಳ್ಳಬಾರದು ಅಷ್ಟೇ.

ವಿಂಡೋಸ್ ಇರುವವರು ಮೊದಲು ನೋಡಬೇಕಾದ್ದು ಅದರೊಳಗೇ ಇರುವ ಫೈಲ್ ಹಿಸ್ಟರಿ. 2012ರಲ್ಲಿ ವಿಂಡೋಸ್ 8ರ ಜೊತೆ ಬಂತು, 10ರಲ್ಲೂ 11ರಲ್ಲೂ ಇದೆ. ಆದರೆ ಇದು ತಾನಾಗಿ ಆನ್ ಆಗಿರುವುದಿಲ್ಲ. 11ರಲ್ಲಿ ಕಂಟ್ರೋಲ್ ಪ್ಯಾನೆಲ್ ಒಳಗೆ ಹೋಗಿ ಹುಡುಕಬೇಕು. ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿ ಆನ್ ಮಾಡಿದರೆ ಗಂಟೆಗೊಮ್ಮೆ ನೋಡಿ, ಬದಲಾದ ಫೈಲುಗಳನ್ನು ಮಾತ್ರ ಕಾಪಿ ಮಾಡುತ್ತದೆ. ಹಳೆಯ ಕಾಪಿಯನ್ನು ಅಳಿಸುವುದಿಲ್ಲ, ಪಕ್ಕದಲ್ಲೇ ಇಡುತ್ತದೆ. ಡಿಸ್ಕ್ ತೆರೆದು ನೋಡಿದರೆ ಫೈಲಿನ ಹೆಸರಿನ ಕೊನೆಗೆ ತಾರೀಕು, ಗಂಟೆ, ನಿಮಿಷ ಸೇರಿರುತ್ತದೆ. ಗಂಟೆ ನಮ್ಮದಲ್ಲ, ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದ್ದು, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಅದೊಂದು ಗೊತ್ತಿದ್ದರೆ ಸಾಕು. ಅಪ್ಪ ಒಂದು ಹಾಡಿನ ನಡುವಿನ ಎರಡು ನುಡಿ ಗೊತ್ತಿಲ್ಲದೆ ಅಳಿಸಿ ಸೇವ್ ಮಾಡಿದ್ದರು. ಮಾರನೆಯ ದಿನ ಹಿಂದಿನ ಮಧ್ಯಾಹ್ನದ ಕಾಪಿ ತೆರೆದೆವು, ಆ ಎರಡು ನುಡಿ ಅಲ್ಲೇ ಇದ್ದವು.

ಇದರಲ್ಲಿ ಒಂದು ದೊಡ್ಡ ಗುಂಡಿ ಇದೆ. ಫೈಲ್ ಹಿಸ್ಟರಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್ ಅನ್ನುವ ಲೈಬ್ರರಿಗಳು, ಡೆಸ್ಕ್‌ಟಾಪ್, ಇಂಥ ಕೆಲವು ಜಾಗಗಳನ್ನು ಮಾತ್ರ ನೋಡುತ್ತದೆ. ನಮ್ಮ ಮನೆಗಳಲ್ಲಿ ಎಲ್ಲಾ ಇರುವುದು ಡಿ ಡ್ರೈವ್‌ನಲ್ಲಿ! ಅಲ್ಲಿರುವ ಫೋಲ್ಡರನ್ನು ನೀವೇ ಲೈಬ್ರರಿಗೆ ಸೇರಿಸದಿದ್ದರೆ ಅದು ಆ ಕಡೆ ತಿರುಗಿಯೂ ನೋಡುವುದಿಲ್ಲ, ಬ್ಯಾಕಪ್ ಆಗಿಲ್ಲ ಅಂತ ಹೇಳುವುದೂ ಇಲ್ಲ. ಸೇರಿಸುವುದು ಕಷ್ಟವೇನಲ್ಲ, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಲೈಬ್ರರಿಗೆ ಸೇರಿಸುವ ಆಯ್ಕೆ ಸಿಗುತ್ತದೆ, ವಿಂಡೋಸ್ 11ರಲ್ಲಿ ಇನ್ನಷ್ಟು ಆಯ್ಕೆ ತೋರಿಸು ಅನ್ನುವುದನ್ನು ಒತ್ತಿದ ಮೇಲೆ. ಸೇರಿಸಿದ ಮೇಲೆ ಮಾರನೆಯ ದಿನ ಡಿಸ್ಕ್ ತೆರೆದು ಆ ಫೋಲ್ಡರ್ ಬಂದಿದೆಯಾ ಅಂತ ಕಣ್ಣಾರೆ ನೋಡಿ.

ಎರಡನೆಯದು ಫ್ರೀಫೈಲ್‌ಸಿಂಕ್. ನನಗೆ ಇದೇ ಜಾಸ್ತಿ ಇಷ್ಟ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಉಚಿತವಾಗಿ ಸಿಗುತ್ತದೆ, ಸೋರ್ಸ್ ಕೋಡ್ ಕೂಡ ಬಹಿರಂಗವಾಗಿದೆ. ಎಡಗಡೆ ನಮ್ಮ ಫೋಲ್ಡರ್, ಬಲಗಡೆ ಡಿಸ್ಕ್. ಕಂಪೇರ್ ಒತ್ತಿದರೆ ಯಾವುದು ಹೊಸದು, ಯಾವುದು ಬದಲಾಗಿದೆ ಅಂತ ಸಾಲಾಗಿ ತೋರಿಸುತ್ತದೆ. ನೋಡಿ ಒಪ್ಪಿಗೆಯಾದರೆ ಇನ್ನೊಂದು ಬಟನ್. ಫೈಲ್ ಹೇಗಿದೆಯೋ ಹಾಗೇ ಹೋಗಿ ಕೂರುತ್ತದೆ. ಇದರಲ್ಲಿ ಮಿರರ್ ಅನ್ನುವ ಆಯ್ಕೆಯ ಬಗ್ಗೆ ಮಾತ್ರ ಹುಷಾರಾಗಿರಿ. ಮಿರರ್ ಅಂದರೆ ಕನ್ನಡಿ, ಎಡಗಡೆ ಅಳಿಸಿದ್ದನ್ನು ಬಲಗಡೆಯೂ ಅಳಿಸುತ್ತದೆ. ಹೊಸಬರು ಅಪ್‌ಡೇಟ್ ಅನ್ನುವುದನ್ನು ಆರಿಸಿಕೊಳ್ಳಲಿ, ಅದು ಹೊಸದನ್ನು ಸೇರಿಸುತ್ತದೆ, ಏನನ್ನೂ ಅಳಿಸುವುದಿಲ್ಲ. ಆದರೆ ಬದಲಾದ ಫೈಲ್ ಹಳೆಯದರ ಮೇಲೆ ಕೂರುತ್ತದೆ ಅಲ್ವಾ, ಅದಕ್ಕೆ ವರ್ಷನಿಂಗ್ ಅನ್ನುವ ಆಯ್ಕೆ ಇದೆ. ಒಂದು ಬೇರೆ ಫೋಲ್ಡರ್ ತೋರಿಸಿದರೆ ಹಳೆಯ ಕಾಪಿಗಳನ್ನು ತಾರೀಕು ಹಾಕಿ ಅಲ್ಲಿಗೆ ಸರಿಸುತ್ತದೆ. ಐದು ನಿಮಿಷದ ಕೆಲಸ, ಖಂಡಿತ ಮಾಡಿಕೊಳ್ಳಿ.

ಡುಪ್ಲಿಕಾಟಿ, ಕೋಪಿಯಾ, ರೆಸ್ಟಿಕ್ ಇವುಗಳ ಹೆಸರನ್ನೂ ತಿಳಿದವರು ಹೇಳುತ್ತಾರೆ. ಮೂರೂ ಉಚಿತ, ಮೂರೂ ಒಳ್ಳೆಯವೇ. ಫೈಲನ್ನು ಚೂರುಚೂರು ಮಾಡಿ, ಒಂದೇ ಥರದ ಚೂರು ಎರಡು ಸಲ ಇಡದೆ, ಗುಪ್ತಲಿಪಿಯಲ್ಲಿ ಬೀಗ ಹಾಕಿ ಇಡುತ್ತವೆ. ಜಾಗ ಉಳಿಯುತ್ತದೆ, ಇನ್ನೊಬ್ಬರ ಸರ್ವರ್‌ನಲ್ಲಿ ಇಡುವಾಗ ಯಾರೂ ಓದಲಾಗದು. ಆದರೆ ಪಾಸ್‌ವರ್ಡ್ ಮರೆತರೆ ಮುಗಿಯಿತು, ಆ ಸಾಫ್ಟ್‌ವೇರ್ ಮಾಡಿದವರಿಗೂ ತೆರೆಯಲು ಬರುವುದಿಲ್ಲ. ಜೊತೆಗೆ ವಾಪಸ್ ತೆಗೆಯಲು ಅದೇ ಸಾಫ್ಟ್‌ವೇರ್ ಬೇಕು. ಹಾಗಾಗಿ ಇವನ್ನು ಎರಡನೆಯ ಅಥವಾ ಮೂರನೆಯ ಕಾಪಿಗೆ ಇಟ್ಟುಕೊಳ್ಳಿ, ಮನೆಯ ಒಂದೇ ಕಾಪಿಯಾಗಿ ಬೇಡ. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರು ಒಬ್ಬರೇ ಇದ್ದು, ಅವರೇ ಊರಲ್ಲಿ ಇಲ್ಲದ ದಿನ ಅಮ್ಮನಿಗೋ ಅಜ್ಜನಿಗೋ ಫೈಲ್ ಬೇಕಾದರೆ ಏನು ಮಾಡುತ್ತಾರೆ, ಅದನ್ನೂ ಯೋಚಿಸಬೇಕು.

ಮ್ಯಾಕ್ ಇರುವವರಿಗೆ ಟೈಮ್ ಮೆಷಿನ್ ಇದೆ, ಡಿಸ್ಕ್ ಚುಚ್ಚಿ ಹೂಂ ಅಂದರೆ ಸಾಕು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಬ್ಯಾಕಪ್ಸ್ ಅಂತ ಸಿಗುವುದು ದೇಜಾ ಡುಪ್ ಅನ್ನುವ ಸಾಫ್ಟ್‌ವೇರ್. ಲಿನಕ್ಸ್ ಮಿಂಟ್‌ನವರು ಟೈಮ್‌ಶಿಫ್ಟ್ ಇದೆ ಅಂತ ನೆಮ್ಮದಿಯಾಗಿರುತ್ತಾರೆ. ಅದು ಸಿಸ್ಟಮ್ ಕೆಟ್ಟರೆ ಹಿಂದಕ್ಕೆ ಒಯ್ಯಲು ಇರುವುದು, ನಿಮ್ಮ ಸ್ವಂತ ಫೈಲುಗಳನ್ನು ತಾನಾಗಿ ಇಡುವುದಿಲ್ಲ.

"ನಮ್ಮದೆಲ್ಲ ಗೂಗಲ್ ಡ್ರೈವ್‌ನಲ್ಲಿದೆ" ಅನ್ನುವವರು ಈಗ ಬಹಳ. ಗೂಗಲ್ 15 ಜಿಬಿ ಪುಕ್ಕಟೆ ಕೊಡುತ್ತದೆ, ಅದರಲ್ಲೇ ಜಿಮೇಲ್, ಫೋಟೋ ಎಲ್ಲಾ ಸೇರಿತು. ಒನ್‌ಡ್ರೈವ್ ಕೊಡುವುದು 5 ಜಿಬಿ, ಒಂದು ಮದುವೆಯ ವಿಡಿಯೋಗೂ ಸಾಲದು. ಜಾಗದ ಮಾತು ಬಿಡಿ. ಇವು ಮುಖ್ಯವಾಗಿ ಮಾಡುವುದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಹೋಗುತ್ತದೆ. ಎರಡು ತಿಂಗಳ ಹಿಂದೆ ಮೊಮ್ಮಗ ಆಟ ಆಡುತ್ತಾ ಅಳಿಸಿದ್ದು ನಿಮಗೆ ಇವತ್ತು ಗೊತ್ತಾದರೆ ಅದು ಸಿಗುವುದಿಲ್ಲ. ಇನ್ನೊಂದು, ಗೂಗಲ್ ಖಾತೆಯನ್ನು ಎರಡು ವರ್ಷ ತೆರೆಯದೇ ಬಿಟ್ಟರೆ ಅದನ್ನು ತೆಗೆದುಹಾಕಬಹುದು ಅನ್ನುವ ನಿಯಮ ಬಂದಿದೆ. ತೀರಿಕೊಂಡವರ ಖಾತೆಯಲ್ಲಿ ಫೋಟೋಗಳಿದ್ದರೆ ಮನೆಯವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಕ್ಲೌಡ್ ಬೇಡ ಅನ್ನುತ್ತಿಲ್ಲ, ಅದು ಮನೆಯ ಹೊರಗಿರುವ ಒಂದು ಕಾಪಿ, ಇರಲಿ. ಅದೊಂದೇ ಇದ್ದರೆ ಸಾಲದು.

ಈಗ ನಮ್ಮ ಕನ್ನಡದವರಿಗೆ ಬರುವ ಎರಡು ತೊಂದರೆ ಹೇಳುತ್ತೇನೆ. ಇವನ್ನು ನಾನು ನೋಡಿದ ಯಾವ ಇಂಗ್ಲಿಷ್ ವಿಡಿಯೋದಲ್ಲೂ ಹೇಳಿರಲಿಲ್ಲ.

ಬೆಂಗಳೂರಿನಿಂದ ವಾಪಸ್ ಬಂದ ಹಾಡುಗಳನ್ನು ಮೊದಲ ಸಲ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ನಮ್ಮ ಜೀವ ಹೋದ ಹಾಗಾಯಿತು. ಕನ್ನಡವೇ ಇಲ್ಲ. ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೀಟು, ಚುಕ್ಕೆ, ಸಣ್ಣ ಸೊನ್ನೆ. ಅಪ್ಪ "ಇದೂ ಹೋಯಿತಾ" ಅಂದರು. ಹೋಗಿರಲಿಲ್ಲ. ಹಳೆಯ ನುಡಿಯಲ್ಲಿ, ಅದೇ ಥರದ ಬರಹ ಅನ್ನುವ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು ಅದರ ಫಾಂಟ್, ಅಂದರೆ ಅಕ್ಷರಕ್ಕೆ ರೂಪ ಕೊಡುವ ಫೈಲ್, ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಫಾಂಟ್ ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಹಳೆಯ ಒಂದು ಸಿಡಿಯಲ್ಲಿ ನುಡಿ ಸಿಕ್ಕಿತು, ಹಾಕಿದ ಕೂಡಲೇ ಸಾಲುಗಳು ಎದ್ದು ನಿಂತವು. ಹಾಗಾಗಿ ಡಿಟಿಪಿ ಮಾಡುವವರು, ಹಳೆಯ ಲೇಖನ, ಕವಿತೆ, ಸಂಘದ ನಡಾವಳಿ ಇಟ್ಟುಕೊಂಡವರು ಬ್ಯಾಕಪ್‌ನಲ್ಲಿ ಫಾಂಟ್ ಫೈಲುಗಳನ್ನೂ, ನುಡಿ ಅಥವಾ ಬರಹದ ಇನ್‌ಸ್ಟಾಲರನ್ನೂ ಸೇರಿಸಿ. ಜೊತೆಗೆ, ಆ ಫಾಂಟ್ ಇಲ್ಲದೆಯೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿದ ಇನ್ನೊಂದು ಪ್ರತಿ ಇಡಿ, ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡಬಹುದು, ಒಮ್ಮೆ ಓದಿ ಸರಿ ಮಾಡಿಕೊಳ್ಳಬೇಕು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಎರಡನೆಯದು ಫೈಲಿನ ಹೆಸರು. ಅಪ್ಪ ಈಚೆಗೆ ಹೆಸರನ್ನೂ ಯೂನಿಕೋಡ್ ಕನ್ನಡದಲ್ಲೇ ಬರೆಯುತ್ತಾರೆ, ಉದ್ದುದ್ದ. ವಿಂಡೋಸ್‌ನಲ್ಲಿ ಸರಿಯಾಗಿತ್ತು. ಬೆಂಗಳೂರಿನಲ್ಲಿರುವ ತಮ್ಮ ತನ್ನ ಉಬುಂಟು ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿದರೆ ಕೆಲವು ಫೈಲುಗಳು ಹೋಗಲೇ ಇಲ್ಲ, ಹೆಸರು ಉದ್ದವಾಯಿತು ಅಂತ ಬಂತು. ಯಾಕೆ ಅಂದರೆ ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿ, ಬೈಟ್ ಅಂದರೆ ಕಂಪ್ಯೂಟರ್ ಜಾಗ ಅಳೆಯುವ ಸಣ್ಣ ಅಳತೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ್ದಕ್ಕೆ ಮೂರು ಬೇಕು. ಅದೂ ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು, ಒತ್ತು ಎಲ್ಲಾ ಬೇರೆಬೇರೆ ಲೆಕ್ಕ, "ಕ್ರಿ" ಅನ್ನುವ ಒಂದು ಅಕ್ಷರಕ್ಕೇ ಹನ್ನೆರಡು ಬೈಟ್. 85 ಸಂಕೇತಗಳಿಗೆ ಮಿತಿ ಮುಗಿಯುತ್ತದೆ. ಕನ್ನಡದಲ್ಲೇ ಹೆಸರಿಡಿ, ಚಿಕ್ಕದಾಗಿಡಿ. ಹಳೆಯ ಜಿಪ್ ಸಾಫ್ಟ್‌ವೇರ್ ಒಂದರಲ್ಲಿ ಕಟ್ಟಿಟ್ಟಾಗ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಹಾಗಾಗಿ ಸಾಫ್ಟ್‌ವೇರ್ ಒಪ್ಪುವ ಮೊದಲು ಕನ್ನಡ ಹೆಸರಿನ ನಾಲ್ಕು ಫೈಲ್ ಕೊಟ್ಟು, ವಾಪಸ್ ತೆಗೆಸಿ ನೋಡಿ.

ವಾಪಸ್ ತೆಗೆದು ನೋಡುವುದನ್ನು ನಾನು ಪದೇಪದೇ ಹೇಳುವುದಕ್ಕೆ ಕಾರಣ ಇದೆ. ಗಿಟ್‌ಲ್ಯಾಬ್ ಅಂತ ದೊಡ್ಡ ತಂತ್ರಾಂಶ ಕಂಪನಿ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಒಂದು ಸರ್ವರ್ ಅಂದುಕೊಂಡು ಇನ್ನೊಂದರಲ್ಲಿ ಡೇಟಾ ಅಳಿಸಿಬಿಟ್ಟರು. ಬ್ಯಾಕಪ್‌ಗೆ ಅಂತ ಐದು ದಾರಿ ಮಾಡಿಟ್ಟಿದ್ದರು, ಅವತ್ತು ಒಂದೂ ನೆಚ್ಚುವ ಹಾಗಿರಲಿಲ್ಲ. ಬ್ಯಾಕಪ್ ಕೆಟ್ಟಿದೆ ಅಂತ ತಿಳಿಸಬೇಕಿದ್ದ ಇಮೇಲ್‌ಗಳೇ ಅವರಿಗೆ ತಲುಪುತ್ತಿರಲಿಲ್ಲ. ಒಬ್ಬರು ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿ ಅವರನ್ನು ಕಾಪಾಡಿತು, ಆ ಆರು ಗಂಟೆಯದು ಹೋಯಿತು. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿದ್ದು, ಅದಕ್ಕೆ ನನಗೆ ಅವರ ಮೇಲೆ ಗೌರವ. ಅಷ್ಟು ಜನ ಎಂಜಿನಿಯರುಗಳು ಇರುವಲ್ಲೇ ಹಾಗಾದರೆ ನಮ್ಮ ಮನೆಯ ಹಸಿರು ಟಿಕ್ ನಂಬಿ ಕೂರುವುದು ಹೇಗೆ?

ನಾವು ಮಾಡುವುದು ಇಷ್ಟು. ತಿಂಗಳ ಮೊದಲ ಭಾನುವಾರ ಅಮ್ಮ ಡಿಸ್ಕ್ ತಂದು, ಬ್ಯಾಕಪ್ ಮಾಡದೇ ಇರುವ ಇನ್ನೊಂದು ಲ್ಯಾಪ್‌ಟಾಪ್‌ಗೆ ಚುಚ್ಚಿ, ಒಂದು ಹಾಡು, ಒಂದು ಫೋಟೋ ತೆರೆಯುತ್ತಾರೆ. ನಾನು ಪಕ್ಕದಲ್ಲಿ ಇದ್ದರೂ ಬಾಯಿ ಹಾಕುವುದಿಲ್ಲ. ಮೊದಲ ಸಲ ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು, ಈಗ ಎರಡು ನಿಮಿಷ. ಎಲ್ಲಿ ತಡವರಿಸಿದರೋ ಅದನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇವೆ. ಯಾವ ಡಿಸ್ಕ್, ಯಾವ ಫೋಲ್ಡರ್, ಪಾಸ್‌ವರ್ಡ್ ಯಾವ ಪುಸ್ತಕದಲ್ಲಿದೆ, ಎಲ್ಲಾ ಅದರಲ್ಲಿದೆ. ಹೊಸ ಲ್ಯಾಪ್‌ಟಾಪ್‌ನವರು ಇನ್ನೊಂದನ್ನೂ ಬರೆದಿಡಿ. ವಿಂಡೋಸ್ 11 ಇರುವ ಎಷ್ಟೋ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕಿಗೆ ತಾನಾಗಿ ಬೀಗ ಬೀಳುತ್ತದೆ. ಯಂತ್ರ ಕೆಟ್ಟು ಡಿಸ್ಕನ್ನು ಬೇರೆಯದಕ್ಕೆ ಹಾಕಿದರೆ 48 ಅಂಕಿಯ ಕೀಲಿ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಈಗಲೇ ನೋಡಿ ಬರೆದಿಟ್ಟುಕೊಳ್ಳಿ.

ಇನ್ನು ಡಿಸ್ಕ್ ಎಲ್ಲಿಡುವುದು. ಬ್ಯಾಕಪ್ ಆದ ಕೂಡಲೇ ಬಿಚ್ಚಿಡಿ, ಚುಚ್ಚಿಯೇ ಬಿಡಬೇಡಿ. ನಮ್ಮ ಮಲೆನಾಡಿನಲ್ಲಿ ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಎಷ್ಟು ಮನೆಯ ಟಿವಿ, ಮೋಡೆಮ್ ಸುಟ್ಟಿಲ್ಲ? ಕಂಪ್ಯೂಟರ್ ಜೊತೆ ಚುಚ್ಚಿದ ಡಿಸ್ಕೂ ಅದರ ಜೊತೆಗೇ ಹೋಗುತ್ತದೆ. 2017ರ ಮೇ ತಿಂಗಳಲ್ಲಿ ಬಂದ ವಾನಕ್ರೈ ಥರದ ವೈರಸ್‌ಗಳೂ ಅಷ್ಟೇ, ಚುಚ್ಚಿರುವ ಡಿಸ್ಕಿನ ಫೈಲುಗಳಿಗೂ ಬೀಗ ಹಾಕಿ ದುಡ್ಡು ಕೇಳುತ್ತವೆ. ಇನ್ನೊಂದು ಡಿಸ್ಕ್ ಬೇರೆ ಊರಲ್ಲಿ ಇರಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಮನೆ ಬಿಟ್ಟು ಓಡಿದವರು ಬೀರು ತೆಗೆದು ಡಿಸ್ಕ್ ಹುಡುಕಲು ಸಾಧ್ಯವಿತ್ತೇ? ನಮ್ಮದು ಎರಡು ಡಿಸ್ಕ್. ಒಂದು ಇಲ್ಲಿ, ಒಂದು ಮೈಸೂರಿನ ಅಕ್ಕನ ಮನೆಯಲ್ಲಿ. ಯುಗಾದಿಗೆ, ದೀಪಾವಳಿಗೆ ಅಕ್ಕ ಬರುವಾಗ ಅದನ್ನು ತಂದು ಇದನ್ನು ಒಯ್ಯುತ್ತಾಳೆ. ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಅನ್ನುವ ಲೆಕ್ಕ ಇದೇ, ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ.

ನಿಮ್ಮ ಪತ್ರಿಕೆಯ ಮೂಲಕ ಕಂಪ್ಯೂಟರ್ ಅಂಗಡಿಯವರಲ್ಲಿ, ರಿಪೇರಿಗೆ ಮನೆಗೆ ಬರುವ ಹುಡುಗರಲ್ಲಿ ಒಂದು ಕೋರಿಕೆ. ಸಿ, ಡಿ ಅಂತ ಭಾಗ ಮಾಡಿ ಕೊಡುವಾಗ ಇವೆರಡೂ ಒಂದೇ ಡಿಸ್ಕ್ ಅಂತ ಬಾಯಿಬಿಟ್ಟು ಹೇಳಿ. ಸಾಧ್ಯವಾದರೆ ಹೊರಗಿನ ಡಿಸ್ಕ್ ಒಂದನ್ನು ಚುಚ್ಚಿ ಫೈಲ್ ಹಿಸ್ಟರಿ ಆನ್ ಮಾಡಿಕೊಟ್ಟು ಬನ್ನಿ, ಹತ್ತು ನಿಮಿಷ ಸಾಕು, ಅದಕ್ಕೆ ಕೂಲಿ ಕೇಳಿದರೂ ಯಾರೂ ಬೇಡ ಅನ್ನುವುದಿಲ್ಲ. ಫಾರ್ಮ್ಯಾಟ್ ಮಾಡುವ ಮೊದಲು "ಬ್ಯಾಕಪ್ ಇದೆಯಾ" ಅಂತ ಕೇಳಿ ಬಿಡಬೇಡಿ, "ತೋರಿಸಿ, ಒಂದು ಫೈಲ್ ತೆರೆಯೋಣ" ಅನ್ನಿ. ವಿಂಡೋಸ್ 11 ಹಾಕಿಸಲು ಹೊರಟಿರುವ ಓದುಗರೂ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಇದನ್ನು ಮಾಡಿ ನೋಡಿ.

ಇಂತಿ ನಿಮ್ಮ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ